ಒಂದೇ ಫೋಟೊ ಹಾಕಿ ಹೋದವ್ರ ಖಾತೆ ನಮಗ ಬೇಕಾದ ಹೆಸರು ಹಿಡ್ಕೊಂಡು ಕುಂತೈತಿ, ಏನ್ ಮಾಡ್ಬೇಕ್ರಿ?

ರೊಟ್ಟಿಬಡಿಗಿ (ವಿಜಯಪುರ)

ಎಲ್ಲಾರಿಗೂ ನಮಸ್ಕಾರ್ರಿ. ಸಿಟ್ಟು ಬಂದೈತಿ, ಅದಕ್ಕ ಬರಿಯಾಕತ್ತೀನಿ.

ನಾನು, ನಮ್ಮ ನೆಗೆಣ್ಣಿ, ಓಣ್ಯಾಗಿನ ಇನ್ನೊಂದಿಷ್ಟು ಹೆಣ್ಮಕ್ಳು ಸೇರಿ ಜ್ವಾಳದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ ಮಾಡಿ ಮಾರ್ತೀವಿ. ಬೆಂಗಳೂರು, ಪುಣೆ ತನಕ ಕೊರಿಯರ್ ಹೋಗ್ತೈತಿ. ಪ್ಯಾಕೆಟ್ ಮ್ಯಾಲ ‘ಖಡಕ್‌ರೊಟ್ಟಿ’ ಅಂತ ದೊಡ್ಡ ಅಕ್ಷರದಾಗ ಅಚ್ಚು ಹಾಕ್ಸೇವಿ. ಈಗ ಫೋಟೊ ಹಾಕೋ ಒಂದು ದೊಡ್ಡ ಆ್ಯಪ್‌ನ್ಯಾಗ ಅದೇ ಹೆಸರಿನ ಖಾತೆ ತೆಗೀಬೇಕಂದ್ರ ‘ಈ ಹೆಸರು ಲಭ್ಯವಿಲ್ಲ’. ಆ ಖಾತೆ ತೆರದು ನೋಡಿದ್ರ ಒಂದೇ ಒಂದು ಫೋಟೊ, 2013ರದ್ದು. ಸ್ಟೀಲ್ ತಾಟು, ತಾಟಿನ ಅಂಚಿಗೆ ಕೊರ್ಸಿದ ಯಾರದೋ ಹೆಸರು ಅರ್ಧ ಕಾಣ್ತೈತಿ, ನಡಕ್ಕ ಮುರದ ರೊಟ್ಟಿ, ಬಾಜೂಕ ಉಳ್ಳಾಗಡ್ಡಿ, ಮ್ಯಾಲ ಆವಾಗಿನ ಕಾಲದ ಹಳದಿ ಫಿಲ್ಟರ್. ಅಷ್ಟ. ಅದರ ಮುಂದ ಒಂದು ಅಕ್ಷರ ಬರದಿಲ್ಲ ಪುಣ್ಯಾತ್ಮ.

ಮೆಸೇಜ್ ಹಾಕಿದೆ, ನೋಡಿಲ್ಲ. ಕಂಪನಿಯವ್ರಿಗೆ ಫಾರ್ಮ್ ತುಂಬಿದೆ. ನೋಂದಣಿ ಆದ ಟ್ರೇಡ್‌ಮಾರ್ಕ್ ಇದ್ರ ಮಾತ್ರ ಬರ್ರಿ, ಖಾತೆ ಬಳಕ್ಯಾಗ ಇಲ್ಲ ಅನ್ನೋ ಕಾರಣಕ್ಕ ಹೆಸರು ಬಿಟ್ಟು ಕೊಡಂಗಿಲ್ಲ ಅಂತ ಮಷೀನ್ ಉತ್ತರ ಬಂತು. ಮೊನ್ನೆ ಸೊಲ್ಲಾಪುರದ ಒಬ್ಬ ಗಿರಾಕಿ ಆ ಖಾಲಿ ಖಾತೆಗೇ ಐವತ್ತು ರೊಟ್ಟಿ ಆರ್ಡರ್ ಹಾಕಿ ‘ಯಾಕ್ರಿ ಉತ್ತರ ಕೊಡವಲ್ರಿ’ ಅಂತ ನಮಗ ಫೋನ್ ಹಚ್ಚಿ ಬೈದ್ರು. ದಾರಿ ಇದ್ರ ಹೇಳ್ರಿ.

ಮಂಡ್ಯಬೆಲ್ಲ

ಅಕ್ಕೋ, ಇದಕ್ಕೆ ದೇವರಾಜ ಅರಸರ ಕಾನೂನೇ ಬರ್ಬೇಕು. ಉಳುವವನೇ ಹೊಲದೊಡೆಯ ಅಂತ 1974ರಲ್ಲಿ ತಿದ್ದುಪಡಿ ತಂದು ಪಟ್ಟಣದಲ್ಲಿ ಕೂತಿದ್ದ ಜಮೀನ್ದಾರ್ರ ಭೂಮಿನ ಗೇಣಿದಾರ್ರಿಗೆ ಕೊಡಿಸ್ಲಿಲ್ವಾ? ಹನ್ನೆರಡು ವರ್ಸದಿಂದ ಬೀಳು ಬುಟ್ಟಿರೋ ಹೆಸರು ಅಂದ್ರೆ ಏನರ್ಥ. ರೊಟ್ಟಿ ತಟ್ಟೋರಿಗೇ ಹೆಸರು ಸೇರ್ಬೇಕು. ನಾನು ಡಿಕ್ಲರೇಷನ್ ಫಾರಂ ತುಂಬಕ್ಕೆ ರೆಡಿ.

ಹೊಸಬ_98

ಮುಂದೆ ‘ದಿ’ ಹಾಕಿ, ಇಲ್ಲ ಹಿಂದೆ ‘ಅಫಿಶಿಯಲ್’ ಹಾಕಿ. ಅದೂ ಹೋಗಿದ್ರೆ ಕೆಎ28. ನಮ್ಮ ಕಾಲೇಜಲ್ಲಿ ಅರ್ಧ ಜನ ಆರ್‌ಟಿಒ ನಂಬರ್ ಸೇರಿಸ್ಕೊಂಡೇ ಬದುಕ್ತಿದ್ದಾರೆ.

ರೊಟ್ಟಿಬಡಿಗಿ

ತಮ್ಮಾ, ಅದು ರೊಟ್ಟಿ ಐತಿ, ಟಂಟಂ ಗಾಡಿ ಅಲ್ಲ. ಇನ್ನೊಂದು ಮಾತು: ನಮ್ಮ ಗಿರಾಕಿ ಅರ್ಧಕ್ಕರ್ಧ ವಯಸ್ಸಾದವ್ರು. ಫೋನ್‌ನ್ಯಾಗ ‘ಖಡಕ್ ಅಂಡರ್‌ಸ್ಕೋರ್ ರೊಟ್ಟಿ’ ಅಂದ್ರ ‘ಅದ್ಯಾವ ರೊಟ್ಟಿಬೇ, ಅದನ್ನೂ ಒಂದಿಷ್ಟು ಕಳಸು’ ಅಂತಾರ.

ಕರಿಕೋಟು

ಟ್ರೇಡ್‌ಮಾರ್ಕ್ ಬಗ್ಗೆ ಹೇಳ್ತೀನಿ. ಅದು ನನ್ನ ಕಸುಬು. ಮೊದಲೇ ಕಹಿ ಸುದ್ದಿ: ‘ಖಡಕ್ ರೊಟ್ಟಿ’ ಅನ್ನೋದು ನೀವು ಮಾರುವ ಪದಾರ್ಥದ ಹೆಸರೇ ಆಗಿದೆ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಸರಕಿನ ಬಗೆ, ಗುಣವನ್ನಷ್ಟೇ ಹೇಳುವ ಪದಕ್ಕೆ ಸಾಮಾನ್ಯವಾಗಿ ನೋಂದಣಿ ಸಿಗೋದಿಲ್ಲ. ಸಿಗಬಾರದು ಕೂಡ. ಸಿಕ್ಕಿದ್ರೆ ನಾಳೆ ಬಾಗಲಕೋಟೆಯ ಇನ್ನೊಬ್ಬ ಹೆಣ್ಣುಮಗಳು ತನ್ನ ಪ್ಯಾಕೆಟ್ ಮೇಲೆ ಖಡಕ್ ರೊಟ್ಟಿ ಅಂತ ಬರೆಯೋಕೆ ನಿಮ್ಮ ಅಪ್ಪಣೆ ಕೇಳಬೇಕಾಗ್ತಿತ್ತು.

ನಿಮ್ಮ ಮನೆತನದ್ದೋ ಊರಿನದೋ ವಿಶಿಷ್ಟವಾದ ಪದ ಮುಂದೆ ಸೇರಿಸಿ, ಒಂದು ಲೋಗೊ ಮಾಡಿಸಿ, 30ನೇ ವರ್ಗದಲ್ಲಿ ಅರ್ಜಿ ಹಾಕಿ. ಹಿಟ್ಟು, ಧಾನ್ಯದ ತಿನಿಸು ಎಲ್ಲ ಆ ವರ್ಗದಲ್ಲೇ ಬರುತ್ತೆ. ವ್ಯಕ್ತಿಗಳಿಗೆ, ಸಣ್ಣ ಉದ್ಯಮಗಳಿಗೆ ಆನ್‌ಲೈನ್ ಶುಲ್ಕ ಒಂದು ವರ್ಗಕ್ಕೆ 4,500 ರೂಪಾಯಿ, ಕಂಪನಿಗಳಿಗೆ 9,000. ಆದರೆ ಅದು ಕೈಗೆ ಬಂದ ಮೇಲೂ ಆ ಖಾತೆ ನಿಮ್ಮದಾಗುತ್ತೆ ಅಂತ ಗ್ಯಾರಂಟಿ ಇಲ್ಲ. ಆ ಮನುಷ್ಯ ನಿಮ್ಮ ಹೆಸರಿನಲ್ಲಿ ವ್ಯಾಪಾರ ಮಾಡ್ತಿಲ್ಲವಲ್ಲ. ತಾನು ಉಂಡ ರೊಟ್ಟಿಯ ಫೋಟೊ ಹಾಕಿದಾನೆ ಅಷ್ಟೆ. ಅದು ಉಲ್ಲಂಘನೆ ಅಂತ ಯಾವ ಕೋರ್ಟಿನಲ್ಲಿ ವಾದಿಸೋದು?

ಡಾಟ್ ಇನ್ ಡೊಮೇನ್, ಅಂದ್ರೆ ವೆಬ್‌ಸೈಟಿನ ವಿಳಾಸ, ಆಗಿದ್ರೆ ಕತೆ ಬೇರೆ. ಅಲ್ಲಿ ಐಎನ್‌ಡಿಆರ್‌ಪಿ ಅಂತ ವ್ಯಾಜ್ಯ ತೀರಿಸುವ ನಿಯಮ ಇದೆ, ಮಧ್ಯಸ್ಥಗಾರರು ಕೂತು ತೀರ್ಪು ಕೊಡ್ತಾರೆ. ಖಾತೆ ಹೆಸರಿಗೆ ಅಂಥ ಪಂಚಾಯ್ತಿ ಕಟ್ಟೆ ಯಾವುದೂ ಇಲ್ಲ. ಕಂಪನಿ ಬರೆದ ಷರತ್ತೇ ಅಲ್ಲಿ ಕಾಯ್ದೆ.

ಟರ್ಮಿನಲ್_ಟೀ

ಡೊಮೇನ್ ಮಾತು ಬಂತಲ್ಲ, ವ್ಯತ್ಯಾಸ ಇರೋದೇ ಅಲ್ಲಿ. ಡೊಮೇನಿಗೆ ವರ್ಷಾ ವರ್ಷಾ ದುಡ್ಡು ಕಟ್ಟಬೇಕು. ಕಟ್ಟಲಿಲ್ಲ ಅಂದ್ರೆ ಒಂದಷ್ಟು ದಿನ ಕಾಯ್ತಾರೆ, ಡಾಟ್ ಕಾಮ್ ಥರದವಕ್ಕೆ ಆಮೇಲೆ 30 ದಿನ ದಂಡ ತೆತ್ತು ಬಿಡಿಸಿಕೊಳ್ಳೋ ಅವಕಾಶ, ಅದೂ ಮುಗಿದ್ರೆ 5 ದಿನದಲ್ಲಿ ಹೆಸರು ಬೀದಿಗೆ. ಪುಕ್ಕಟೆ ಖಾತೆಗೆ ಈ ಚಕ್ರವೇ ಇಲ್ಲ. 2004ರಿಂದ 2014ರ ನಡುವೆ ಇಂಟರ್ನೆಟ್ಟಿಗೆ ಬಂದವರು ಸೈಬರ್ ಕೆಫೆಯಲ್ಲಿ ಅರ್ಧ ಗಂಟೆ ಕೂತು ಚೆಂದದ ಹೆಸರುಗಳನ್ನೆಲ್ಲ ಬಾಚಿಕೊಂಡು ಪಾಸ್‌ವರ್ಡ್ ಮರೆತು ಎದ್ದು ಹೋದ್ರು. ನಾನೂ ಆ ಪೈಕಿಯೇ.

ಆದರೆ ಬೆಲ್ಲದಣ್ಣ ಹೇಳೋ ಹಾಗೆ ಉಳುವವನಿಗೆ ಕೊಟ್ಟುಬಿಡಿ ಅನ್ನೋದನ್ನ ಯಾಹೂ 2013ರಲ್ಲಿ ಮಾಡಿ ನೋಡಿದೆ. ಒಂದು ವರ್ಷ ಲಾಗಿನ್ ಆಗದ ಐಡಿಗಳನ್ನ ಕಿತ್ತು, ಬೇಕು ಅಂದವರಿಗೆ ಹಂಚಿದ್ರು. ಸೆಪ್ಟೆಂಬರ್ ಹೊತ್ತಿಗೆ ದೂರು ಶುರು. ಹೊಸ ಮಾಲೀಕರ ಇನ್‌ಬಾಕ್ಸಿಗೆ ಹಳೇ ಮಾಲೀಕರ ಟಪಾಲು ಬಂದು ಬೀಳ್ತಿತ್ತು. ಬೇರೆ ಸೈಟುಗಳ ಖಾತೆ ವಿವರ, ಅಪಾಯಿಂಟ್‌ಮೆಂಟು, ಎಲ್ಲ. ಯೋಚನೆ ಮಾಡಿ: ಆ ಹಳೇ ವಿಳಾಸದಿಂದ ಎಲ್ಲೆಲ್ಲಿ ಖಾತೆ ತೆರೆದಿದ್ರೋ ಅಲ್ಲೆಲ್ಲ ‘ಪಾಸ್‌ವರ್ಡ್ ಮರೆತಿದ್ದೇನೆ’ ಒತ್ತಿದ್ರೆ ಹೊಸಬನ ಕೈಗೇ ಲಿಂಕು. ಯಾಹೂ ಕೊನೆಗೆ ‘ಇದು ನನ್ನ ಮೇಲ್ ಅಲ್ಲ’ ಅಂತ ಒಂದು ಗುಂಡಿ ಇಟ್ಟಿತು. ಫೇಸ್‌ಬುಕ್ ಜೊತೆ ಸೇರಿ, ‘ಈ ವಿಳಾಸ ಇಂಥ ದಿನದಿಂದ ಒಬ್ಬರದೇ ಕೈಯಲ್ಲಿದ್ರೆ ಮಾತ್ರ ಈ ಪತ್ರ ತಲುಪಿಸು’ ಅಂತ ಹೇಳೋ ಒಂದು ಹೆಡರ್ (ಮೇಲ್ ಜೊತೆ ಹೋಗೋ ಸೂಚನೆಯ ಸಾಲು) ಕೂಡ ತಂದ್ರು. 2014ರಲ್ಲಿ ಅದು ಆರ್‌ಎಫ್‌ಸಿ 7293 ಅನ್ನೋ ಇಂಟರ್ನೆಟ್ ನಿಯಮದ ದಾಖಲೆ ಆಯ್ತು. ಕದ ಮುರಿದ ಮೇಲೆ ಚಿಲಕ.

ಗೂಗಲ್ ಪೂರ್ತಿ ಉಲ್ಟಾ. ಎರಡು ವರ್ಷ ಮುಟ್ಟದ ಖಾತೆಗಳನ್ನ 2023ರ ಡಿಸೆಂಬರಿನಿಂದ ಅಳಿಸೋಕೆ ಶುರು ಮಾಡಿತು, ಆದರೆ ಅಳಿಸಿದ ಜಿಮೇಲ್ ವಿಳಾಸವನ್ನ ಮತ್ಯಾರಿಗೂ ಕೊಡಲ್ಲ. ಮೇಲ್ ವಿಚಾರದಲ್ಲಿ ಅದೇ ಸರಿ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಮಂಡ್ಯಬೆಲ್ಲ

ಅಂದ್ರೆ ಅಳಿಸೋದೂ ಅಳಿಸ್ತಾರೆ, ಕೊಡೋದೂ ಇಲ್ಲ. ತಾನೂ ತಿನ್ನ, ತಿನ್ನೋರ್ಗೂ ಬುಡ. ಸರಿಯಾಗದೆ.

ಡಲ್ಲಾಸ್‌ದೋಸೆ

ನಾನು ಇನ್ನೊಂದು ಬದಿಯವನು, ಬೈಯುವ ಮೊದಲು ಕೇಳಿ. ಜಿಮೇಲ್ ಶುರುವಾಗಿದ್ದು 2004ರ ಏಪ್ರಿಲ್ 1ಕ್ಕೆ, ಆಗ ಯಾರಾದರೂ ಆಹ್ವಾನ ಕಳಿಸಿದರೆ ಮಾತ್ರ ಪ್ರವೇಶ. ಎಲ್ಲರಿಗೂ ಬಾಗಿಲು ತೆರೆದದ್ದು 2007ರಲ್ಲಿ. ಆ ಮಧ್ಯದಲ್ಲಿ ಸಹೋದ್ಯೋಗಿಯೊಬ್ಬರ ಆಹ್ವಾನ ಸಿಕ್ಕಿ, ನನ್ನ ಹೆಸರು ಮತ್ತು ಮನೆತನದ ಹೆಸರು ಎರಡೇ ಸೇರಿಸಿ ವಿಳಾಸ ಮಾಡಿಕೊಂಡೆ. ಅಂಕಿ ಇಲ್ಲ, ಏನಿಲ್ಲ. ಕರ್ನಾಟಕದಲ್ಲಿ ಪ್ರತಿ ಬೀದಿಗೊಬ್ಬರಂತೆ ಇರುವ ಹೆಸರು ಅದು.

ಅಂದಿನಿಂದ ನಾನು ಆ ಹೆಸರಿನವರೆಲ್ಲರ ಅಂಚೆ ಪೆಟ್ಟಿಗೆ. ಯಾರದೋ ರೈಲು ಟಿಕೆಟ್ಟಿನ ಪಿಎನ್‌ಆರ್ ಬರುತ್ತದೆ. ಶಿವಮೊಗ್ಗ ಕಡೆಯ ಒಂದು ಶಾಲೆಯಿಂದ ‘ನಿಮ್ಮ ಮಗಳು ಹೋಂವರ್ಕ್ ಮಾಡಿಲ್ಲ’ ಅಂತ ದೂರು ಬರುತ್ತದೆ, ನನಗೆ ಇರುವುದು ಇಬ್ಬರೂ ಗಂಡುಮಕ್ಕಳು. ಒಮ್ಮೆ ಒಬ್ಬರ ರಕ್ತಪರೀಕ್ಷೆಯ ವರದಿ ಬಂತು, ಸಕ್ಕರೆ ಬಹಳ ಮೇಲಿತ್ತು. ಲ್ಯಾಬಿಗೆ ಬರೆದೆ, ಉತ್ತರವಿಲ್ಲ. ಅವರು ತಮ್ಮ ವಿಳಾಸದಲ್ಲಿ ಒಂದು ಚುಕ್ಕಿ ಇದೆ, ನನ್ನದರಲ್ಲಿ ಇಲ್ಲ, ಆದ್ದರಿಂದ ಬೇರೆ ಬೇರೆ ಅಂದುಕೊಂಡಿರಬೇಕು. ಜಿಮೇಲ್ ಚುಕ್ಕಿಯನ್ನು ಲೆಕ್ಕಕ್ಕೇ ಇಡುವುದಿಲ್ಲ. ಎಲ್ಲಿ ಚುಕ್ಕಿ ಇಟ್ಟರೂ ಅದು ನನ್ನದೇ.

ಈಗ ಕೆಲಸಕ್ಕೆ ಬೇರೆ ವಿಳಾಸ ಬಳಸುತ್ತೇನೆ, ಇದನ್ನು ತೆರೆಯುವುದು ಅಪರೂಪ. ಹೊರಗಿನವರಿಗೆ ಇದೂ ಪಾಳುಬಿದ್ದ ಖಾತೆಯೇ. ನನ್ನದೇ ಹೆಸರಿನ ಒಬ್ಬರು ‘ಹೇಗೂ ಬಳಸುತ್ತಿಲ್ಲ, ಪಾಸ್‌ವರ್ಡ್ ಕೊಟ್ಟುಬಿಡಿ ಸಾರ್’ ಎಂದು ಪತ್ರ ಬರೆದಿದ್ದರು. ಕೊಡಲಿಲ್ಲ. ಅದರೊಳಗೆ ನನ್ನ ವೀಸಾ ಕಾಗದ ಇದೆ, ತೀರಿಹೋದ ಗೆಳೆಯರ ಪತ್ರಗಳಿವೆ. ಸದ್ದಿಲ್ಲದ ಖಾತೆಗೆ ಮಾಲೀಕರೇ ಇಲ್ಲ ಎಂದು ಹೊರಗಿನವರು ತೀರ್ಮಾನಿಸುವುದು ಹೇಗೆ ಎಂಬುದು ನನ್ನ ಪ್ರಶ್ನೆ.

ಹೊಸಬ_98

ಸಾರ್, ಆ ಶಾಲೆಗೆ ‘ನಾಳೆ ಮಾಡಿಸ್ತೀನಿ ಮೇಡಂ’ ಅಂತ ಒಂದ್ಸಲನಾದ್ರೂ ರಿಪ್ಲೈ ಮಾಡಿದ್ರಾ?

ಡಲ್ಲಾಸ್‌ದೋಸೆ

ಹೆಂಡತಿ ಬಿಡಲಿಲ್ಲ.

ನೇತ್ರಾವತಿ_ಬರಿ (ಬಂಟ್ವಾಳ)

ಇಲ್ಲಿ ಎಲ್ಲ ‘ಪಾಸ್‌ವರ್ಡ್ ಮರೆತವರು’ ಅಂತ ಮಾತಾಡ್ತಾ ಇದ್ದೀರಿ ಮಾರಾಯ್ರೆ. ತೀರಿಹೋದವರ ಖಾತೆಯೂ ಹಾಗೇ ಕಾಣುದು. ನಮ್ಮ ಅಣ್ಣ ಟ್ವಿಟರ್‌ನಲ್ಲಿ ಇದ್ದ, ಯಕ್ಷಗಾನದ ಮೇಳಗಳ ಬಗ್ಗೆ ಬರೀತಿದ್ದ. ಯಾವ ಊರಲ್ಲಿ ಆಟ, ಯಾರು ಭಾಗವತರು, ಯಾರ ವೇಷ ಎಷ್ಟೊತ್ತಿಗೆ ಬಂತು, ಚೆಂಡೆ ಹೇಗಿತ್ತು, ಎಲ್ಲ ಬೆಳಗಾಗುದರೊಳಗೆ ಹಾಕ್ತಿದ್ದ. ಅವನು ಹೋದ ಮೇಲೆ ಖಾತೆ ಹಾಗೇ ಉಂಟು. ನಮ್ಮಲ್ಲಿ ಪಾಸ್‌ವರ್ಡ್ ಇಲ್ಲ.

2019ರ ನವೆಂಬರಲ್ಲಿ ಟ್ವಿಟರಿನವರು ಆರು ತಿಂಗಳು ಲಾಗಿನ್ ಆಗದವರ ಖಾತೆ ತೆಗೀತೇವೆ, ಡಿಸೆಂಬರ್ 11ರ ಒಳಗೆ ಬನ್ನಿ ಅಂದ್ರು. ಅಣ್ಣ ಎಲ್ಲಿಂದ ಬರ್ಬೇಕು? ನಮ್ಮಂಥವರು ಲೋಕದ ತುಂಬ ಇದ್ರು, ಗಲಾಟೆ ಆಯ್ತು, ತೀರಿಹೋದವರ ಖಾತೆಗೆ ಒಂದು ವ್ಯವಸ್ಥೆ ಆಗುವವರೆಗೆ ಮುಟ್ಟುದಿಲ್ಲ ಅಂತ ಒಂದೆರಡು ದಿನದಲ್ಲೇ ಹಿಂದೆ ಸರಿದ್ರು. 2023ರ ಮೇ ತಿಂಗಳಲ್ಲಿ ಹೊಸ ಯಜಮಾನ ಇಲಾನ್ ಮಸ್ಕ್‌ನದ್ದು ಮತ್ತೆ ಅದೇ ಮಾತು. ಅವನದ್ದು ಇನ್ನೂ ಹೋಗ್ಲಿಲ್ಲ, ಆದ್ರೆ ಅಮ್ಮನಿಗೆ ತೋರಿಸುವಾಗೆಲ್ಲ ನಂಗೆ ಒಂದು ಹೆದರಿಕೆ. ಈಗ ಪ್ರತಿಯೊಂದರ ಸ್ಕ್ರೀನ್‌ಶಾಟ್ ತೆಗ್ದು ಇಟ್ಟಿದ್ದೇನೆ.

ಹೆಸರು ಬೇಕು ಅನ್ನುವವರಿಗೆ ಅದು ನಾಲ್ಕು ಅಕ್ಷರ. ಅಷ್ಟೇ ಹೇಳುದು ನಾನು.

ರೊಟ್ಟಿಬಡಿಗಿ

ಅಕ್ಕಾ, ಹಂಗ ನಾ ವಿಚಾರ ಮಾಡಿರ್ಲಿಲ್ಲ. ಆ ತಾಟಿನ ಫೋಟೊದವ್ರು ಇದ್ದಾರೋ ಇಲ್ಲೋ ನಮಗೂ ಗೊತ್ತಿಲ್ಲ. ಆದ್ರ ಒಂದ್ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಿಮ್ಮ ಅಣ್ಣಾರು ಬರದದ್ದು ಅಷ್ಟೈತಿ, ಓದೋ ಮಂದಿ ಅದಾರ. ಒಂದು ಹಳದಿ ಫೋಟೊ ಹಾಕಿ ಹೋದದ್ದಕ್ಕೂ ಅದೇ ಲೆಕ್ಕ ಏನ್ರಿ?

ನೇತ್ರಾವತಿ_ಬರಿ

ಸಿಟ್ಟು ಇಲ್ಲ. ನೀವು ಹೇಳುದರಲ್ಲಿ ಸತ್ಯ ಉಂಟು. ಆದ್ರೆ ಅಷ್ಟು ಬರೆದದ್ದು ಉಳೀಬೇಕು, ಇಷ್ಟು ಬರೆದದ್ದು ಹೋಗ್ಬೇಕು ಅಂತ ಅಳೆಯುದು ಯಾರು? ಕಂಪನಿ ಕೈಗೆ ಆ ತಕ್ಕಡಿ ಕೊಡ್ಲಿಕ್ಕೆ ನಂಗೆ ಮನಸ್ಸಿಲ್ಲ.

ವಿಕಿಜೇನು

ಅಳೆಯುವ ನಿಯಮ ಬರೆದಿಟ್ಟುಕೊಂಡ ಒಂದು ಜಾಗ ಇದೆ. ವಿಕಿಪೀಡಿಯದಲ್ಲಿ ಯಾರ ಖಾತೆಯನ್ನೂ ಅಳಿಸುವುದಿಲ್ಲ. ಯಾವ ವಾಕ್ಯ ಯಾರದು ಅನ್ನುವ ದಾಖಲೆ ಉಳಿಯಬೇಕಲ್ಲ. ಆದರೆ ಒಂದೂ ಸಂಪಾದನೆ ಮಾಡದೆ ಬರೀ ನೋಂದಣಿಯಾಗಿ ಬಿದ್ದಿರುವ ಹೆಸರು ಬೇಕಿದ್ದರೆ ಕೇಳಬಹುದು. ಆ ಖಾತೆಯ ಚರ್ಚಾಪುಟದಲ್ಲಿ ನೋಟಿಸ್ ಹಾಕಿ, ಹಳಬರಿಗೆ ಆಕ್ಷೇಪಿಸಲು ಸಮಯ ಕೊಟ್ಟು, ಯಾರೂ ಬರದಿದ್ದರೆ ಹಳೆಯ ಖಾತೆಗೆ ಬೇರೆ ಹೆಸರಿಟ್ಟು ಈ ಹೆಸರನ್ನು ನಿಮಗೆ ಕೊಡುತ್ತಾರೆ. ಎಲ್ಲವೂ ಬಹಿರಂಗ. ಯಾರು ಕೇಳಿದರು, ಯಾರು ಕೊಟ್ಟರು, ದಾಖಲೆ ಇರುತ್ತದೆ.

2015ರ ಏಪ್ರಿಲಿನಲ್ಲಿ ಇನ್ನೂ ದೊಡ್ಡ ಕೆಲಸ ನಡೆಯಿತು. ಅಲ್ಲಿಯವರೆಗೆ ಕನ್ನಡ ವಿಕಿಯಲ್ಲಿ ಒಬ್ಬ ‘ರವಿ’, ತಮಿಳಿನಲ್ಲಿ ಇನ್ನೊಬ್ಬ ‘ರವಿ’, ಇಂಗ್ಲಿಷಿನಲ್ಲಿ ಮತ್ತೊಬ್ಬ ‘ರವಿ’ ಇರಲು ಸಾಧ್ಯವಿತ್ತು. ಎಲ್ಲ ವಿಕಿಗಳಿಗೂ ಸೇರಿ ಒಂದು ಹೆಸರಿಗೆ ಒಬ್ಬರೇ ಅಂತ ಮಾಡಿದಾಗ, ಸೋತವರ ಹೆಸರಿನ ಹಿಂದೆ ಒಂದು ಅಲೆಗೆರೆ ಮತ್ತು ಅವರ ವಿಕಿಯ ಸಂಕೇತ ಅಂಟಿತು. ಕನ್ನಡದವರಿಗೆ ‘ಕೆಎನ್‌ವಿಕಿ’. ಬೆಳಿಗ್ಗೆ ಲಾಗಿನ್ ಆದಾಗ ತಮ್ಮ ಹೆಸರಿಗೆ ಬಾಲ ಬಂದಿರುವುದು ನೋಡಿ ಕೆಲವರಿಗೆ ಬೇಸರವಾಯಿತು, ಆದರೆ ಅವರು ಬರೆದದ್ದೇನೂ ಹೋಗಲಿಲ್ಲ. ಅಂದಹಾಗೆ ಅಲ್ಲಿ ಕನ್ನಡ ಲಿಪಿಯಲ್ಲೇ ಹೆಸರಿಟ್ಟುಕೊಳ್ಳಬಹುದು. ರೊಟ್ಟಿಯಕ್ಕನಿಗೆ ಬೇಕಾದ ಹೆಸರು ಕನ್ನಡದಲ್ಲೇ ಸಿಗುವಂತಿದ್ದರೆ ಈ ತಾಪತ್ರಯ ಅರ್ಧ ಇರುತ್ತಿರಲಿಲ್ಲ.

ಹೊಸಬ_98

+1. ನಮ್ಮ ಹೆಸರುಗಳು ಉದ್ದ ಬೇರೆ. ಟ್ವಿಟರಲ್ಲಿ 15 ಅಕ್ಷರ ಮಿತಿ. ನನ್ನ ಹೆಸರು, ಅಪ್ಪನ ಹೆಸರು, ಊರು ಸೇರಿಸಿದ್ರೆ ಮೂರು ಖಾತೆ ಬೇಕು. ಜಿಮೇಲಲ್ಲಿ ಕಡಿಮೆ ಅಂದ್ರೆ 6 ಇರ್ಬೇಕಂತೆ, ನಮ್ಮಜ್ಜಿ ‘ಉಷಾ’ಗೆ ಜಾಗವೇ ಇಲ್ಲ.

ರೊಟ್ಟಿಬಡಿಗಿ

ನಿನ್ನೆ ಸಂಜಿಮುಂದ ಒಂದು ಹೊಸ ಸುದ್ದಿ ಆತು. ಟೆಲಿಗ್ರಾಂನ್ಯಾಗ ಒಬ್ಬಾವ ಬಂದು ‘ಮೇಡಂ, ಆ ಹೆಸರು ಕೊಡಿಸ್ತೀನಿ, ಒಳಗಿನವ್ರು ಪರಿಚಯ ಅದಾರ, 15 ಸಾವಿರ, ಅರ್ಧ ಮುಂಗಡ’ ಅಂದ. ನೆಗೆಣ್ಣಿ ಕೊಟ್ಟು ಬಿಡೂಣು ಅಂತಾಳ. ಏನಂತೀರಿ?

ಟರ್ಮಿನಲ್_ಟೀ

ಬೇಡ. ಬೇಡವೇ ಬೇಡ. ಅವನು ಮುಂಗಡ ತಗೊಂಡು ಮಾಯ ಆದ್ರೆ ನೀವು ಕಳ್ಕೊಳ್ಳೋದು ದುಡ್ಡು ಮಾತ್ರ. ನಿಜವಾಗಿ ಕೊಡಿಸಿದ್ರೆ ಇನ್ನೂ ಕಷ್ಟ. ಅಂದ್ರೆ ಆ ತಾಟಿನವರ ಖಾತೆಯನ್ನ ಕದ್ದು ನಿಮಗೆ ಮಾರಿದ್ದಾನೆ ಅಂತ ಅರ್ಥ. ಕಂಪನಿ ಷರತ್ತಿನಲ್ಲಿ ಖಾತೆ ಮಾರಾಟ ನಿಷಿದ್ಧ. ಗೊತ್ತಾದ ದಿನ ನಿಮ್ಮ ಫೋಟೊ, ಗಿರಾಕಿಗಳ ಪಟ್ಟಿ ಎಲ್ಲ ಸೇರಿಸಿ ಮುಚ್ಚಿ ಹಾಕ್ತಾರೆ.

ಹೊಸಬ_98

ಈ ದಂಧೆ ಸಣ್ಣದಲ್ಲ ಅಕ್ಕ. ಗೇಮಿಂಗ್ ಹುಡುಗರ ನಡುವೆ ಇಂಥ ಹೆಸರಿಗೆ ‘ಓಜಿ’ ಅಂತಾರೆ. ಒಂದೇ ಅಕ್ಷರ, ಒಂದೇ ಪದ, ಹಿಂದೆ ಮುಂದೆ ಏನೂ ಇಲ್ಲ. ಟ್ವಿಟರಲ್ಲಿ ಬರೀ ‘ಎನ್’ ಅನ್ನೋ ಹೆಸರು ನವೋಕಿ ಹಿರೋಶಿಮಾ ಅನ್ನೋರ ಹತ್ರ ಇತ್ತು. 50 ಸಾವಿರ ಡಾಲರ್ ಕೊಡ್ತೀವಿ ಅಂದ್ರೂ ಕೊಟ್ಟಿರ್ಲಿಲ್ಲ. 2014ರ ಜನವರಿಯಲ್ಲಿ ಒಬ್ಬ ಅವರ ಡೊಮೇನ್ ಖಾತೆ ಕಬ್ಜಾ ಮಾಡಿ ‘ಹೆಸರು ಕೊಡು, ಇಲ್ಲಾಂದ್ರೆ ನಿನ್ನ ವೆಬ್‌ಸೈಟ್ ಎಲ್ಲ ಹೋಯ್ತು’ ಅಂದ. ಕೊಟ್ಟರು. ಮುಂದಿನ ತಿಂಗಳು ವಾಪಸ್ ಸಿಕ್ತು ಅನ್ನಿ.

2020ರಲ್ಲಿ ನಡೆದಿದ್ದು ಓದಿ ನನಗೆ ನಿದ್ದೆ ಬರ್ಲಿಲ್ಲ. ಟೆನೆಸಿ ರಾಜ್ಯದಲ್ಲಿ 60 ವರ್ಷದ ಒಬ್ಬರ ಹತ್ರ ‘ಟೆನೆಸಿ’ ಅನ್ನೋ ಟ್ವಿಟರ್ ಹೆಸರಿತ್ತು. ಕೊಡಲಿಲ್ಲ ಅಂತ ಅವರ ಮನೇಲಿ ಕೊಲೆ ಆಗಿದೆ ಅಂತ ಪೊಲೀಸರಿಗೆ ಸುಳ್ಳು ಫೋನ್ ಹೋಯ್ತು. ಪೊಲೀಸರು ಬಂದೂಕು ಹಿಡ್ಕೊಂಡು ಮನೆ ಸುತ್ತುವರಿದ್ರು, ಅವರಿಗೆ ಅಲ್ಲೇ ಹೃದಯಾಘಾತ. ಒಬ್ಬ ಹುಡುಗನಿಗೆ 2021ರಲ್ಲಿ ಐದು ವರ್ಷ ಜೈಲಾಯ್ತು. ಒಂದು ಹೆಸರಿಗೆ!

ಮಂಡ್ಯಬೆಲ್ಲ

ಶಿವನೇ. ನಾನು ತಮಾಷೆ ಮಾಡ್ಕಂಡು ಕೂತಿದ್ನಲ್ಲ ಇಲ್ಲಿ.

ರೊಟ್ಟಿಬಡಿಗಿ

ಅವನ್ನ ಬ್ಲಾಕ್ ಮಾಡಿದೆ. ನೆಗೆಣ್ಣಿಗೂ ಇದನ್ನೆಲ್ಲ ಓದಿ ಹೇಳೇನಿ.

ಕರಿಕೋಟು

ಒಳ್ಳೆಯ ಕೆಲಸ. ಆದರೆ ‘ಮಾರಾಟ ನಿಷಿದ್ಧ’ ಅನ್ನೋದು ನಮಗೆ ನಿಮಗೆ ಮಾತ್ರ ಅನ್ನೋದನ್ನೂ ಹೇಳಲೇಬೇಕು. 2023ರ ಜುಲೈನಲ್ಲಿ ಟ್ವಿಟರ್ ತನ್ನ ಹೆಸರನ್ನ ಎಕ್ಸ್ ಅಂತ ಬದಲಿಸಿದಾಗ ‘ಎಕ್ಸ್’ ಖಾತೆ ಸ್ಯಾನ್ ಫ್ರಾನ್ಸಿಸ್ಕೊದ ಒಬ್ಬ ಛಾಯಾಗ್ರಾಹಕರ ಹತ್ತಿರ ಇತ್ತು, 2007ರಿಂದ. ರಾತ್ರೋರಾತ್ರಿ ತೆಗೆದುಕೊಂಡರು, ದುಡ್ಡೂ ಇಲ್ಲ, ಒಂದು ಮಾತೂ ಇಲ್ಲ. ಬೇಕಾದರೆ ಕಂಪನಿಯ ಟೀ ಶರ್ಟ್ ಥರದ ಸಾಮಾನು ಕೊಡ್ತೀವಿ, ಆಫೀಸು ನೋಡ್ಕೊಂಡು ಹೋಗಿ ಅಂದರಂತೆ. ಅದೇ ವಾರಗಳಲ್ಲಿ ‘ಮ್ಯೂಸಿಕ್’ ಅನ್ನೋ ಹೆಸರನ್ನೂ ಕಿತ್ತುಕೊಂಡರು. ಅದಕ್ಕೆ ಸುಮಾರು 5 ಲಕ್ಷ ಹಿಂಬಾಲಕರಿದ್ದರು, ಪಾಳು ಖಾತೆಯೇನಲ್ಲ. 2019ರಲ್ಲಿ ಬ್ರಿಟನ್ ರಾಜಮನೆತನದ ದಂಪತಿಗೆ ‘ಸಸೆಕ್ಸ್‌ರಾಯಲ್’ ಬೇಕಾದಾಗ ಇನ್‌ಸ್ಟಾಗ್ರಾಂ ಅದನ್ನ ಡ್ರೈವಿಂಗ್ ಕಲಿಸುವ ಒಬ್ಬರಿಂದ ತೆಗೆದು ಅವರಿಗೆ ಕೊಟ್ಟಿತು.

ಹಾಗಾಗಿ ‘ಹಳಬರ ಹಕ್ಕು ಕಾಪಾಡ್ತಿದೀವಿ’ ಅನ್ನೋ ಕಂಪನಿ ಮಾತನ್ನ ನಾನು ನಂಬಲ್ಲ. ರೊಟ್ಟಿಯಕ್ಕ ಕೇಳಿದ್ರೆ ನಿಯಮ, ರಾಜಕುಮಾರ ಕೇಳಿದ್ರೆ ಕೀಲಿಕೈ.

ಟರ್ಮಿನಲ್_ಟೀ

ಆ ಕೋಪ ನನಗೂ ಇದೆ. ನನ್ನ ಮಾತು ಇಷ್ಟೇ: ಎಲ್ಲ ಹೆಸರೂ ಒಂದೇ ಜಾತಿಯಲ್ಲ. ಫೋಟೊ ಆ್ಯಪ್‌ನಲ್ಲಿ ಹೆಸರು ಅನ್ನೋದು ಹೊರಗೆ ಕಾಣೋಕೆ ಇರೋದು. ಒಳಗಡೆ ಪ್ರತಿ ಖಾತೆಗೂ ಬೇರೆಯೇ ಒಂದು ನಂಬರ್ ಇರುತ್ತೆ, ಕೆಲಸ ಎಲ್ಲ ಅದರ ಮೇಲೆ. ಹಾಗಾಗಿಯೇ ನೀವು ಹೆಸರು ಬದಲಿಸಿದ್ರೂ ಹಿಂಬಾಲಕರು ಹೋಗಲ್ಲ. ಅಂಥಲ್ಲಿ ಹತ್ತು ವರ್ಷ ಮುಟ್ಟದ ಖಾತೆಯ ಹೆಸರಿಗೆ ಒಂದು ಬಾಲ ಅಂಟಿಸಿ, ಫೋಟೊ ಹಾಗೇ ಬಿಟ್ಟು, ಹೆಸರನ್ನ ಇನ್ನೊಬ್ಬರಿಗೆ ಕೊಟ್ರೆ ಆಕಾಶ ಕಳಚಿ ಬೀಳಲ್ಲ. ಜೇನಣ್ಣ ಹೇಳಿದ ವಿಕಿ ಪದ್ಧತಿಯೇ ಅದು. ನೇತ್ರಾವತಿಯವರ ಅಣ್ಣನ ಬರಹವೂ ಉಳಿಯುತ್ತೆ.

ಹೆಸರೇ ವಿಳಾಸ ಆಗಿರೋ ಕಡೆ ಮಾತ್ರ ಮುಟ್ಟಬಾರದು. ಮೇಲ್ ಆಯ್ತು. ಪ್ರೋಗ್ರಾಂ ಹಂಚೋ ಜಾಗಗಳೂ ಹಾಗೇ. ಗಿಟ್‌ಹಬ್‌ನಲ್ಲಿ ಒಬ್ಬ ತನ್ನ ಹೆಸರು ಬದಲಿಸಿ ಹೋದ ಅನ್ನಿ, ಹಳೇ ಹೆಸರನ್ನ ಇನ್ನೊಬ್ಬ ಹಿಡಿದು ಅದೇ ಹೆಸರಿನ ರೆಪೊ (ಕೋಡ್ ಇಡೋ ಕಪಾಟು) ತೆರೆದ್ರೆ, ಹಳೇ ಕೊಂಡಿ ನಂಬಿಕೊಂಡವರೆಲ್ಲ ಅವನ ಕೋಡ್ ಎಳ್ಕೊಳ್ತಾರೆ. ಅದಕ್ಕೇ ಹೆಸರು ಬದಲಿಸೋ ಹಿಂದಿನ ವಾರದಲ್ಲಿ 100ಕ್ಕಿಂತ ಹೆಚ್ಚು ಸಲ ಕ್ಲೋನ್ ಆದ, ಅಂದ್ರೆ ಜನ ನಕಲು ಇಳಿಸಿಕೊಂಡ, ರೆಪೊಗಳ ಹೆಸರನ್ನ ಅವರು ಮತ್ತೆ ಬಳಸೋಕೆ ಬಿಡಲ್ಲ. ಪೈಥಾನ್ ಭಾಷೆಯ ಪ್ಯಾಕೇಜುಗಳನ್ನ (ಸಿದ್ಧ ಕೋಡಿನ ಕಟ್ಟುಗಳನ್ನ) ಹಂಚೋ ಪೈಪಿಐಯಲ್ಲಿ ಕೈಬಿಟ್ಟ ಪ್ಯಾಕೇಜ್ ಹೆಸರಿಗೆ ಪೆಪ್ 541 ಅಂತ ನಿಯಮವೇ ಇದೆ: ಮಾಲೀಕರಿಗೆ ಮತ್ತೆ ಮತ್ತೆ ಬರೆದೂ ಉತ್ತರ ಬರಬಾರದು, ಹನ್ನೆರಡು ತಿಂಗಳು ಹೊಸ ಆವೃತ್ತಿ ಬಂದಿರಬಾರದು, ಹೀಗೆ.

ಇಷ್ಟಿದ್ದೂ 2022ರ ಮೇನಲ್ಲಿ ಏನಾಯ್ತು? ‘ಸಿಟಿಎಕ್ಸ್’ ಅನ್ನೋ ಹಳೇ ಪ್ಯಾಕೇಜಿನ ಮಾಲೀಕರ ಮೇಲ್ ಇದ್ದದ್ದು ಅವರದೇ ಡೊಮೇನಿನಲ್ಲಿ. ಡೊಮೇನಿನ ಅವಧಿ ಮುಗಿದಿತ್ತು. ಇನ್ನೊಬ್ಬ ಆ ಡೊಮೇನ್ ಕೊಂಡ, ಅದೇ ಮೇಲ್ ವಿಳಾಸ ಸೃಷ್ಟಿಸಿದ, ಪೈಪಿಐನಲ್ಲಿ ಪಾಸ್‌ವರ್ಡ್ ರಿಸೆಟ್ ಒತ್ತಿದ. ಮುಗೀತು. ಇನ್‌ಸ್ಟಾಲ್ ಮಾಡಿಕೊಂಡವರ ಯಂತ್ರದಿಂದ ಗುಪ್ತ ಕೀಗಳನ್ನ ಕದಿಯೋ ಕೋಡ್ ಸೇರಿಸಿಬಿಟ್ಟ. ಒಳಗೆ ಹೋಗೋಕೆ ಪೈಪಿಐನ ಬೀಗ ಯಾವುದನ್ನೂ ಅವನು ಒಡೀಬೇಕಾಗಲಿಲ್ಲ, ಡೊಮೇನನ್ನ ದುಡ್ಡು ಕೊಟ್ಟೇ ಕೊಂಡಿದ್ದ.

ಡಲ್ಲಾಸ್‌ದೋಸೆ

ಅಂದರೆ ಸ್ವಂತ ಡೊಮೇನಿನ ಮೇಲ್ ಇಟ್ಟುಕೊಂಡವರು ಸಾಯುವವರೆಗೂ ಬಾಡಿಗೆ ಕಟ್ಟಬೇಕು.

ಟರ್ಮಿನಲ್_ಟೀ

ಸತ್ತ ಮೇಲೂ ಒಂದಿಷ್ಟು ವರ್ಷ.

ನೇತ್ರಾವತಿ_ಬರಿ

ಬಾಲ ಅಂಟಿಸುದಾದ್ರೆ ನಂಗೆ ಒಪ್ಪಿಗೆ, ಬರಹ ಉಳಿಯುದಾದ್ರೆ. ಒಂದು ಡೌಟು. ಅಣ್ಣನ ಮೊಬೈಲ್ ನಂಬರಿಗೆ ರೀಚಾರ್ಜ್ ಮಾಡುದು ನಿಲ್ಲಿಸಿದ್ದೆವು. ಮೊನ್ನೆ ಅಮ್ಮನ ವಾಟ್ಸ್‌ಆ್ಯಪಲ್ಲಿ ಅವನ ಹೆಸರಿನ ಎದುರು ಬೇರೆ ಯಾರದ್ದೋ ಫೋಟೊ ಬಂತು, ಕೂಲಿಂಗ್ ಗ್ಲಾಸ್ ಹಾಕಿದ ಒಬ್ಬ ಹುಡುಗ. ಅಮ್ಮ ಫೋನ್ ಕೆಳಗಿಟ್ಟವರು ಆಮೇಲೆ ಮುಟ್ಲಿಲ್ಲ. ಅದೂ ಇದೇ ಕತೆಯಾ?

ಕರಿಕೋಟು

ಅದೇ ಕತೆ. ನಂಬರು ನಮ್ಮ ಆಸ್ತಿಯಲ್ಲ. ಕಡಿತವಾದ ಮೇಲೆ 90 ದಿನ ಸುಮ್ಮನಿಟ್ಟು ಆಮೇಲೆ ಬೇರೆಯವರಿಗೆ ಕೊಡ್ತಾರೆ. ಇದು ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು, 2023ರ ನವೆಂಬರಿನಲ್ಲಿ. ಹಳೇ ನಂಬರಿಗೆ ಅಂಟಿದ ವಾಟ್ಸ್‌ಆ್ಯಪ್ ಮಾಹಿತಿಯನ್ನ ಅಳಿಸಿಕೊಳ್ಳೋದು ಚಂದಾದಾರರ ಜವಾಬ್ದಾರಿ ಅಂತ ಕೋರ್ಟ್ ಹೇಳಿತು. 45 ದಿನ ಬಳಕೆಯಿಲ್ಲದೆ ಆಮೇಲೆ ಬೇರೆ ಫೋನಿನಲ್ಲಿ ಚಾಲೂ ಆದರೆ ಹಳೇ ಖಾತೆಯ ಮಾಹಿತಿಯನ್ನ ವಾಟ್ಸ್‌ಆ್ಯಪ್ ತಾನೇ ತೆಗೆದುಹಾಕುತ್ತೆ, ಹಾಗಾಗಿ ಅಣ್ಣನ ಮಾತುಕತೆಗಳು ಆ ಹುಡುಗನಿಗೆ ಕಾಣೋದಿಲ್ಲ, ಆ ಭಯ ಬೇಡ. ಆದರೆ ಅವರ ಬ್ಯಾಂಕು, ಮೇಲ್ ಯಾವುದಾದರೂ ಆ ನಂಬರಿಗೆ ಒಟಿಪಿ ಕಳಿಸ್ತಿದ್ರೆ ಬೇಗ ಮರಣಪತ್ರ ತೆಗೆದುಕೊಂಡು ಬ್ಯಾಂಕಿಗೆ ಹೋಗಿ ಬಿಡಿಸಿ.

ನೇತ್ರಾವತಿ_ಬರಿ

ಬ್ಯಾಂಕಿನದ್ದು ಆಗಿದೆ. ಜಿಮೇಲ್ ಗೊತ್ತಿಲ್ಲ. ಅಮ್ಮನ ಫೋನಲ್ಲಿ ಆ ಹೆಸರು ಅಳಿಸಬೇಕಾ ಬೇಡವಾ ಅಂತ ಮನೆಯಲ್ಲಿ ಇನ್ನೂ ತೀರ್ಮಾನ ಆಗ್ಲಿಲ್ಲ.

ರೊಟ್ಟಿಬಡಿಗಿ

ನಮ್ಮ ಕಡೆ ಒಂದು ದಾರಿ ಹುಡುಕೀವ್ರಿ. ಹೊಸ ಪ್ಯಾಕೆಟ್ ಮ್ಯಾಲ ಕ್ಯೂಆರ್ ಹಾಕ್ಸಾಕತ್ತೀವಿ, ತೋರ್ಸಿದ್ರ ಸೀದಾ ನಮ್ಮ ಪೇಜಿಗೇ ಹೋಗ್ತೈತಿ, ಹೆಸರು ಟೈಪ್ ಮಾಡೋ ಗೊಡವೀನ ಇಲ್ಲ. ವಕೀಲ ಸಾಹೇಬ್ರು ಹೇಳಿದಂಗ ನಮ್ಮತ್ತೀಯವರ ಮನಿ ಅಡ್ಡಹೆಸರು ಮುಂದ ಸೇರಿಸಿ ಅರ್ಜಿ ಹಾಕೂದೂ ನಡದೈತಿ. ಅತ್ತೀಯವ್ರು ಭಾಳ ಖುಷಿ, ‘ನಲವತ್ತು ವರ್ಷ ಬಡದದ್ದಕ್ಕ ಈಗ ಹೆಸರು ಬಂತು’ ಅಂತಾರ. ಸಿಟ್ಟು ಇಳಿದಿಲ್ರಿ ಹಂಗಂತ. ಕಂಪನಿಗೆ ಆರು ತಿಂಗಳಿಗೊಮ್ಮೆ ಫಾರ್ಮ್ ತುಂಬ್ತೀನಿ.

ಮಂಡ್ಯಬೆಲ್ಲ

ಕ್ಯೂಆರ್ ಅಚ್ಚಾಕ್ಸೋಕೆ ಮುಂಚೆ ಒಂದು ಪ್ಯಾಕೆಟ್ ಮೇಲೆ ಎಣ್ಣೆ ಕೈ ಹಚ್ಚಿ ಸ್ಕ್ಯಾನ್ ಆಯ್ತದಾ ನೋಡಿ ಅಕ್ಕ. ನಮ್ಮ ಬೆಲ್ಲದ ಡಬ್ಬಿದು ಒಂದೂ ಆಗ್ತಿರ್ಲಿಲ್ಲ, ಚಿಕ್ಕದಾಗೋಗಿತ್ತು. ಮತ್ತೆ ಯಾವ್ದೋ ಪುಕ್ಕಟೆ ವೆಬ್‌ಸೈಟಲ್ಲಿ ಕ್ಯೂಆರ್ ಮಾಡ್ಸಬ್ಯಾಡಿ, ಅವರ ಲಿಂಕ್ ಮೂಲಕ ಸುತ್ತಾಕ್ಕೊಂಡು ಹೋಯ್ತದೆ, ನಾಳೆ ಅವ್ರು ಅಂಗಡಿ ಮುಚ್ಚಿದ್ರೆ ನಿಮ್ದೂ ಮುಚ್ತು. ಪೇಜಿನ ನೇರ ವಿಳಾಸಾನೇ ಹಾಕಿ.

ಟರ್ಮಿನಲ್_ಟೀ

ಬೆಲ್ಲದಣ್ಣ ನನ್ನ ಕೆಲಸ ಕಸ್ಕೋತಾರೆ. ಸರಿಯಾಗಿ ಹೇಳಿದ್ರು. ಒಂದೇ ತಿದ್ದುಪಡಿ: ನೇರ ವಿಳಾಸದಲ್ಲಿ ನಿಮ್ಮ ಖಾತೆ ಹೆಸರೇ ಇರುತ್ತೆ. ಮುಂದೆ ಹೆಸರು ಬದಲಿಸಿದ್ರೆ ಅಚ್ಚಾದ ಕ್ಯೂಆರ್ ಎಲ್ಲ ದಂಡ. ಬಿಟ್ಟ ಹೆಸರನ್ನ ಇನ್ನೊಬ್ಬ ಹಿಡಿದ್ರೆ ನಿಮ್ಮ ಪ್ಯಾಕೆಟ್ಟೇ ಗಿರಾಕೀನ ಅವನ ಮನೆಗೆ ಕಳಿಸುತ್ತೆ. ಒಂದು ಡಾಟ್ ಇನ್ ಡೊಮೇನ್ ತಗೊಳ್ಳಿ, ಕ್ಯೂಆರ್ ಅಲ್ಲಿಗೆ ಹೋಗ್ಲಿ, ಅಲ್ಲಿಂದ ಬೇಕಾದ ಪೇಜಿಗೆ ತಿರುಗಿಸಿ. ಆಟೊ ರಿನ್ಯೂ ಆನ್ ಇಟ್ಟು, ಅವಧಿ ಮುಗಿಯೋ ತಾರೀಖನ್ನ ಅಡುಗೆಮನೆ ಕ್ಯಾಲೆಂಡರಲ್ಲೂ ಬರೀರಿ.

ನೇತ್ರಾವತಿಯವರೇ, ಅಣ್ಣನ ಜಿಮೇಲ್‌ಗೆ ಗೂಗಲ್‌ನಲ್ಲಿ ತೀರಿಹೋದವರ ಖಾತೆಗೆ ಅಂತ ಕೋರಿಕೆ ಫಾರ್ಮ್ ಇದೆ, ಪಾಸ್‌ವರ್ಡ್ ಕೊಡಲ್ಲ, ಖಾತೆ ಮುಚ್ಚಿಸೋದಕ್ಕೆ ಕೇಳಬಹುದು. ನಿಮ್ಮ ಸ್ವಂತ ಖಾತೆಗೆ ‘ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್’ ಅನ್ನೋದನ್ನ ಹುಡುಕಿ ಆನ್ ಮಾಡಿ. 3 ತಿಂಗಳಿಂದ 18 ತಿಂಗಳವರೆಗೆ ಅವಧಿ ನೀವೇ ಇಡಬಹುದು, ಅಷ್ಟು ದಿನ ನೀವು ಕಾಣಿಸದಿದ್ರೆ ಯಾರಿಗೆ ತಿಳಿಸಬೇಕು, ಏನೇನು ಕೊಡಬೇಕು ಅಂತ 10 ಜನರವರೆಗೆ ಹೆಸರಿಸಬಹುದು.

ನೇತ್ರಾವತಿ_ಬರಿ

ಮಾಡಿದೆ. 6 ತಿಂಗಳು ಇಟ್ಟೆ, ತಂಗಿಯ ಮಗಳ ಹೆಸರು ಹಾಕಿದೆ. ಅವಳು ‘ದೊಡ್ಡಮ್ಮ ನಂಗೆ ಯಾಕೆ ಗೂಗಲಿಂದ ಮೆಸೇಜ್ ಬಂತು’ ಅಂತ ಈಗ್ಲೇ ಕೇಳ್ತಾ ಇದ್ದಾಳೆ, ಅದು ನನ್ನದೇ ಕನ್‌ಫರ್ಮೇಶನ್ನಾ ಅಥವಾ ಯಾರಾದ್ರೂ ಮೋಸದವರದ್ದಾ ಅಂತ ಹೇಗೆ ನೋಡುದು?

ಟರ್ಮಿನಲ್_ಟೀ

ಲಿಂಕ್ ಒತ್ತಬೇಡಿ ಅಂತ ಹೇಳಿ ಮೊದಲು. ಕಳಿಸಿದವರ ವಿಳಾಸದ ಫೋಟೊ ಇಲ್ಲಿ ಹಾಕಿ, ಅವಳ ಹೆಸರು ನಂಬರ್ ಮುಚ್ಚಿ. ನೋಡಿ ಹೇಳ್ತೀನಿ.